ಸುಮಿತ್ರಾ ಪುಟ್ಟಸ್ವಾಮಿಯೆವ್ನಾ

ಜಪಾನಿನ ಇಚಿಕಾವಾದಲ್ಲಿರುವ ನಮ್ಮ ಮನೆಯ ಅಂಚೆಪೆಟ್ಟಿಗೆಯ ಮೇಲೆ ಮೂರು ಹೆಸರುಗಳಿವೆ: ಪುಟ್ಟಸ್ವಾಮಿ, ರಾಮಚಂದ್ರ, ಮಂಜುನಾಥ. ಕೆಳಗಿನ ಮನೆಯ ಅಜ್ಜಿ ಇದು ಮೂರು ಸಂಸಾರಗಳು ಹಂಚಿಕೊಂಡಿರುವ ಮನೆ ಎಂದು ತಿಳಿದು, ನಾವು ಬಂದ ಹೊಸತರಲ್ಲಿ ಮೂರು ಡಬ್ಬಿ ಸಿಹಿ ತಂದುಕೊಟ್ಟಿದ್ದರು. ನಾನು ಮೂರನ್ನೂ ಇಟ್ಟುಕೊಂಡೆ. ಈ ಗೊಂದಲದಿಂದ ನನಗೆ ಆದ ಲಾಭ ಅದೊಂದೇ. ಮಿಕ್ಕಿದ್ದೆಲ್ಲ ಬರೀ ಪಿತ್ತ ಕೆರಳಿಸುವ ಸಂಗತಿ.

ನಿಮಗೆ ಬಿಡಿಸಿ ಹೇಳಬೇಕಿಲ್ಲ. ಪುಟ್ಟಸ್ವಾಮಿ ನನ್ನ ಅಪ್ಪ, ರಾಮಚಂದ್ರ ನನ್ನ ಮಾವ, ಮಂಜುನಾಥ ನನ್ನ ಗಂಡ ಮತ್ತು ನನ್ನ ಮಗಳ ಅಪ್ಪ. ಊರಲ್ಲಿ ನಾನು ಪಿ. ಸುಮಿತ್ರಾ ಆಗಿ ಸುಖವಾಗಿದ್ದೆ. ಪಾಸ್‌ಪೋರ್ಟ್ ಮಾಡಿಸುವಾಗ ಸರ್‌ನೇಮ್ ಎಂಬ ಖಾನೆ ಎದುರಾಯಿತು. ಇನಿಶಿಯಲ್ ಬಿಡಿಸಿ ಬರೆಯಿರಿ ಎಂದರು, ಬಿಡಿಸಿದೆ. ಜಪಾನಿಗೆ ಬಂದಿಳಿದ ಗಳಿಗೆಯಿಂದ ನಾನು ಪುಟ್ಟಸ್ವಾಮಿ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ವಾರ್ಡ್ ಆಫೀಸಿನಲ್ಲಿ ಎಳೆಯ ಹುಡುಗಿಯರು ಸೊಂಟ ಬಗ್ಗಿಸಿ, “ಪುತ್ತಾಸುವಾಮಿ ಸಾಮಾ!” ಎಂದು ಕರೆಯುತ್ತಾರೆ. ಸಾಮಾ ಎಂದರೆ ಇಲ್ಲಿ ಎಲ್ಲರ ಹೆಸರಿನ ಹಿಂದೆಯೂ ಸೇರಿಸುವ ಸಾನ್‌ಗಿಂತ ಒಂದು ಮೆಟ್ಟಿಲು ಮೇಲಿನ ಮರ್ಯಾದೆ. ಇಷ್ಟು ವರ್ಷವಾದರೂ ನಾನು ಒಮ್ಮೆ ಹಿಂದೆ ತಿರುಗಿ ನೋಡಿ ಆಮೇಲೆ ಏಳುತ್ತೇನೆ.

ಅಪ್ಪ ಮೈಸೂರಿನಲ್ಲಿ ಸಿಟಿ ಬಸ್ಸು ಓಡಿಸುತ್ತಿದ್ದರು. ರಜೆಯಲ್ಲಿ ನಾನು ಅವರ ಪಕ್ಕದ ಬಾನೆಟ್ಟಿನ ಮೇಲೆ ಗೋಣಿತಾಟು ಹಾಸಿಕೊಂಡು ಕೂರುತ್ತಿದ್ದೆ. ಎಂಜಿನ್ನಿನ ಬಿಸಿಗೆ ಕೂತ ಜಾಗ ಚುರುಚುರು ಎನ್ನುತ್ತಿತ್ತು, ಆದರೂ ಇಳಿಯುತ್ತಿರಲಿಲ್ಲ. ಊರಿಗೆ ಊರೇ ಅವರನ್ನು “ಡ್ರೈವರ್ರೇ” ಎನ್ನುತ್ತಿತ್ತು. “ಡ್ರೈವರ್ರೇ, ಆ ಮೂಲೇಲಿ ಒಸಿ ನಿಲ್ಸಿ.” ಅಮ್ಮನಿಗೆ ಅವರು “ಇವ್ರೇ”, ನಮಗೆ ಅಪ್ಪ. ಪುಟ್ಟಸ್ವಾಮಿ ಎಂದು ಬಾಯಿ ತುಂಬ ಕರೆದವರನ್ನು ನಾನು ಮೈಸೂರಿನಲ್ಲಿ ಕಂಡಿದ್ದೇ ಕಡಿಮೆ. ಆ ಹೆಸರನ್ನು ನೆಟ್ಟಗೆ ಉಚ್ಚರಿಸಲೂ ಬಾರದ ಜನ ಈಗ ದಿನಬೆಳಗಾದರೆ ಕೂಗುತ್ತಾರೆ. ಅಪ್ಪ ತೀರಿಕೊಂಡ ಮೇಲೂ ಕೂಗುತ್ತಿದ್ದಾರೆ. ಮೊದಮೊದಲು ಇದಕ್ಕೆ ನನಗೆ ಮೈ ಉರಿಯುತ್ತಿತ್ತು. ನಾನು ಸುಮಿತ್ರಾ ಕಣ್ರೀ, ಪುಟ್ಟಸ್ವಾಮಿ ನಮ್ಮಪ್ಪ ಎಂದು ನನ್ನ ಅರೆಬೆಂದ ಜಪಾನಿಯಲ್ಲಿ ಎಷ್ಟೋ ಕೌಂಟರುಗಳಲ್ಲಿ ವಾದಿಸಿದ್ದೇನೆ. ಅವರು “ಹಾಯ್, ಪುತ್ತಾಸುವಾಮಿ ಸಾಮಾ”, ಅಂದರೆ ಹೌದು ಪುಟ್ಟಸ್ವಾಮಿಯವರೇ, ಎಂದು ಒಪ್ಪಿಕೊಳ್ಳುತ್ತಿದ್ದರು.

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಮುಚ್ಚಿಡುವುದೇನು ಬಂತು. ಹೋದ ವರ್ಷ ಒಂದು ಕ್ಲಿನಿಕ್ಕಿನಲ್ಲಿ ಅದು ಅಲ್ಲಿಂದ ಜಾರಿ ಕೆಳಗೇ ಬಿತ್ತು. ಮಗಳು ಇಂಪನಾ ಶಾಲೆಯಲ್ಲಿ ಬಿದ್ದು ಮೊಣಕೈ ಊದಿಸಿಕೊಂಡಿದ್ದಳು. ಅವಳ ವಿಮೆಯ ಕಾರ್ಡಿನಲ್ಲಿ ಮಂಜುನಾಥ, ನನ್ನದರಲ್ಲಿ ಪುಟ್ಟಸ್ವಾಮಿ. ಗಂಡಹೆಂಡತಿ ಒಂದೇ ಮನೆತನದ ಹೆಸರು ಇಟ್ಟುಕೊಳ್ಳಲೇಬೇಕೆನ್ನುವ ದೇಶ ಇದು. ಕೌಂಟರಿನ ಹೆಂಗಸು ಕಾರ್ಡುಗಳನ್ನು ತಿರುಗಿಸಿ ಮುರುಗಿಸಿ ನೋಡಿ, ನಯದ ಮೇಲೆ ನಯ ಸವರಿ, “ಸುಮಿಮಾಸೆನ್, ಕ್ಷಮಿಸಿ, ಹುಡುಗಿಗೆ ತಾವು ಏನಾಗಬೇಕು?” ಎಂದರು. ನೋವಿಗೆ ಅಳುತ್ತಿರುವ ಮಗು ನನ್ನ ಸೊಂಟಕ್ಕೆ ತಲೆ ಒತ್ತಿಕೊಂಡು ನಿಂತಿದೆ, ಮೂಗು ನೋಡಿದರೆ ನನ್ನ ಮೂಗನ್ನೇ ಕಿತ್ತು ಅಂಟಿಸಿದ ಹಾಗಿದೆ. ಏನಾಗಬೇಕಂತೆ! ನಾನು ಅಲ್ಲಿ ಕನ್ನಡದಲ್ಲೇ ಕೂಗಾಡಿದೆ. ಮಗಳು ನೋವಿನ ನಡುವೆಯೂ, “ಅಮ್ಮಾ, ಯಾಮೆತೆ, ಸಾಕು ನಿಲ್ಸು, ಪ್ಲೀಸ್” ಎಂದು ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು.

ಮನೆಗೆ ಬಂದು ಹೇಳಿಕೊಂಡರೆ ಗಂಡನಿಂದ ಸಿಕ್ಕಿದ್ದು ಸಮಾಧಾನವಲ್ಲ, ಸೊಲ್ಯೂಷನ್. ಸಾಫ್ಟ್‌ವೇರಿನವರನ್ನು ಕಟ್ಟಿಕೊಂಡರೆ ಇದೇ ಗತಿ.

“ನೋಡು ಸುಮಿ, ನಿನ್ನ ಪಾಸ್‌ಪೋರ್ಟ್ ಹೆಂಗೂ ರಿನ್ಯೂವಲ್‌ಗೆ ಬಂತು. ಆವಾಗ ಸರ್‌ನೇಮ್ ಚೇಂಜ್ ಮಾಡ್ಸಿಬಿಡೋಣ. ನೀನು ಮಂಜುನಾಥ್, ಇಂಪು ಮಂಜುನಾಥ್. ಸಿಂಪಲ್. ಎಲ್ಲಾ ಕಡೆ ಸ್ಮೂತಾಗಿ ಆಗತ್ತೆ.”

“ಮತ್ತೆ ನೀವು?”

“ನಾನು ರಾಮಚಂದ್ರನೇ ಇರ್ತೀನಿ. ಆಫೀಸಲ್ಲಿ ಎಲ್ಲಾ ಸಿಸ್ಟಮ್ಮಲ್ಲೂ ಹಂಗೇ ಇದೆಯಲ್ಲ.”

ಕೇಳಿಸಿಕೊಂಡಿರಾ? ಅವರಪ್ಪ ಇರಬಹುದು, ನನ್ನಪ್ಪ ಹೋಗಬೇಕು. ಇಷ್ಟು ದಿನ ಯಾವ ಹೆಸರಿನಿಂದ ಕರೆಯಬೇಡಿ ಎಂದು ಊರೆಲ್ಲ ಜಗಳವಾಡಿದ್ದೆನೋ, ಅದನ್ನು ತೆಗೆಸೋಣ ಎಂದು ಇವರು ಅಂದ ಕೂಡಲೇ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ದೋಸೆ ಮೊಗಚುವ ಕೈ ಹಿಡಿದುಕೊಂಡೇ ವಾದ ಮಾಡಿದೆ. ಒಂದು ದೋಸೆ ಸೀದು ಕರಕಲಾಯಿತು. ಯಾಕೆ ಬೇಡ ಎಂದು ಇವರು ಕೇಳಿದರು. “ಬೇಡ ಅಂದ್ರೆ ಬೇಡ” ಎನ್ನುವುದನ್ನು ಇವರು ಉತ್ತರ ಎಂದು ಒಪ್ಪುವುದಿಲ್ಲ. ಕೊನೆಗೆ ಬೇಸಿಗೆ ರಜೆ ಮುಗಿದ ಮೇಲೆ ತೀರ್ಮಾನ ಮಾಡುವುದೆಂದಾಯಿತು.

ಈ ಸಿಟ್ಟು ಆರುವ ಮೊದಲೇ ಇನ್ನೊಂದು ಹತ್ತಿಕೊಂಡಿತು. ಪಕ್ಕದ ಊರು ಉರಯಾಸುವಿನ ಸಮುದಾಯ ಭವನದಲ್ಲಿ ಕನ್ನಡದವರು ಸೇರಿದ್ದೆವು. ಬಿಸಿಬೇಳೆಭಾತ್ ತಟ್ಟೆಗೆ ಬಿದ್ದ ಮೇಲೆ ಲೋಕದ ವಿಚಾರ ಬರದೆ ಇರುತ್ತದೆಯೇ? ಯುದ್ಧದ ಮಾತು ಬಂತು. ಪ್ರಸಾದ್ ಎಂಬ ಒಬ್ಬರು ಬೂಂದಿ ಉದುರಿಸಿಕೊಳ್ಳುತ್ತಾ ತೀರ್ಪು ಕೊಟ್ಟರು.

“ರಷ್ಯಾ ಜನಾನೇ ಹಂಗೆ ರೀ. ಬ್ಲಡ್ಡಲ್ಲೇ ಇದೆ ಅವ್ರಿಗೆ.”

ಮನೆಗಳ ಮೇಲೆ ಬಾಂಬು ಹಾಕುವವರ ಪರ ವಹಿಸುವವಳು ನಾನಲ್ಲ. ಆದರೆ ರಕ್ತದ ಪರೀಕ್ಷೆ ಇವರು ಯಾವಾಗ ಮಾಡಿಸಿದರು? “ನೀವು ಎಷ್ಟು ಜನ ರಷ್ಯನ್ನರನ್ನ ಮಾತಾಡ್ಸಿದೀರಾ?” ಎಂದೆ.

“ಟೀವೀಲಿ ನೋಡ್ತೀವಲ್ಲ. ನೀವು ಮಾತಾಡ್ಸಿದೀರಾ?”

ಆ ಪ್ರಶ್ನೆ ನನಗೆ ಚುಚ್ಚಿತು. ಯಾಕೆಂದರೆ ನಾನು ಮೈಸೂರಿನಲ್ಲಿ ರಷ್ಯನ್ ಭಾಷೆಯ ಡಿಪ್ಲೊಮಾ ಮಾಡಿದವಳು. ನಗಬೇಡಿ. ಜರ್ಮನ್ ತರಗತಿ ತುಂಬಿಹೋಗಿತ್ತು, ಫ್ರೆಂಚ್ ಮೇಷ್ಟ್ರು ಬಿಟ್ಟು ಹೋಗಿದ್ದರು, ರಷ್ಯನ್ನಿನಲ್ಲಿ ಬೆಂಚುಗಳೆಲ್ಲ ಖಾಲಿ. “ಖಾಲಿ ಬಸ್ಸು ಬಿಟ್ಟು ರಶ್ಶಾಗಿರೋ ಬಸ್ಸಿಗೆ ಯಾಕೆ ಕಾಯ್ತೀಯಾ, ಹತ್ತು” ಎಂದು ಅಪ್ಪ ಸಹಿ ಹಾಕಿದ್ದರು. ನಮಗೆ ಕಲಿಸಿದವರು ನಂಜನಗೂಡಿನವರು, ಪ್ರಾಯದಲ್ಲಿ ಮಾಸ್ಕೋದಲ್ಲಿ ಓದಿ ಬಂದಿದ್ದರು. ಹೀಗಾಗಿ ನನ್ನ ರಷ್ಯನ್ನಿಗೆ ಅಪ್ಪಟ ನಂಜನಗೂಡಿನ ಎಳೆತವಿದೆ. ಆ ಭಾಷೆಯಲ್ಲಿ ನಾನು ಆವರೆಗೆ ಒಬ್ಬ ರಷ್ಯನ್ನನ ಜೊತೆಗೂ ಮಾತಾಡಿರಲಿಲ್ಲ. ಈಜುವುದನ್ನು ದಡದ ಮೇಲೆ ಕಲಿತವರ ಪಾಡು.

“ನಾನು ಮಾತಾಡ್ಸಿಕೊಂಡೇ ಬರ್ತೀನಿ” ಎಂದೆ. ರೋಷಕ್ಕೆ ಬಿದ್ದು ಆಡಿದ ಮಾತು. ಆದರೆ ಆಡಿಯಾಗಿತ್ತು, ಜನ ಕೇಳಿಸಿಕೊಂಡಾಗಿತ್ತು.

ಮಂಜುನಾಥ್‌ಗೆ ಹೊಸದಾಗಿ ಕೊಂಡ ಹಳೇ ಕಾರನ್ನು ದೂರ ಓಡಿಸುವ ಹುಚ್ಚು. ರಜೆಗೆ ಹೊಕ್ಕೈಡೋದ ತುತ್ತತುದಿಯ ವಕ್ಕನಾಯ್ ತನಕ ಹೋಗುವ ಆಸೆ ಮೊದಲಿನಿಂದಲೂ ಇತ್ತು. ಸಮುದ್ರದ ಆಚೆಗೆ ರಷ್ಯಾ. ಅಲ್ಲಿ ರಸ್ತೆಯ ಫಲಕಗಳನ್ನೂ ರಷ್ಯನ್ನಿನಲ್ಲಿ ಬರೆದಿರುತ್ತಾರೆ, ರಷ್ಯನ್ನರು ಪೇಟೆಗೆ ಬಂದು ಹೋಗಿ ಮಾಡುತ್ತಾರೆ ಎಂದು ಎಲ್ಲೋ ಓದಿದ್ದೆ. ದೊಡ್ಡವರ ರಾಜಕೀಯ ನನಗೆ ಬೇಕಿರಲಿಲ್ಲ. ಈರುಳ್ಳಿ ಕೊಳ್ಳುವ, ಮಕ್ಕಳಿಗೆ ಗದರುವ ಒಬ್ಬ ಸಾಧಾರಣ ರಷ್ಯನ್ ಸಾಕಾಗಿತ್ತು.

ದಾರಿಯುದ್ದಕ್ಕೂ ಜಗಳವಾಡಿದೆವು. ಸೆಂದಾಯ್ ದಾಟುವ ಹೊತ್ತಿಗೆ ಮಾತು ನಿಂತಿತ್ತು, ಮೊರಿಯೋಕಾದ ಹತ್ತಿರ ಚಟ್ನಿಪುಡಿ ಕೊಡು ಎನ್ನುವುದಕ್ಕಾಗಿ ಮತ್ತೆ ಶುರುವಾಯಿತು. ಆವೊಮೊರಿಯಲ್ಲಿ ಕಾರನ್ನೇ ಹಡಗಿಗೆ ಹತ್ತಿಸಿ ಹಾಕೊದಾತೆಯಲ್ಲಿ ಇಳಿದೆವು. ಅಲ್ಲಿಂದ ಮೇಲೆ ಎಡಕ್ಕೆ ಬೂದು ಸಮುದ್ರ, ಬಲಕ್ಕೆ ಹುಲ್ಲು, ಹುಲ್ಲಿನ ಮೇಲೆ ನಮ್ಮ ಕಡೆ ತಿರುಗಿಯೂ ನೋಡದ ಹಸುಗಳು. ನಾನು ಕಿಟಕಿಗೆ ಮುಖ ಹಾಕಿ ರಷ್ಯನ್ ವಾಕ್ಯಗಳನ್ನು ಬಾಯಿಪಾಠ ಮಾಡಿಕೊಳ್ಳುತ್ತಿದ್ದೆ. “ಪಾಸ್‌ಪೋರ್ಟ್ ವಿಷ್ಯ ಏನ್ ಮಾಡ್ದೆ?” ಎಂದು ಇವರು ನಡುನಡುವೆ ಕೇಳುವರು. ನಾನು ರಷ್ಯನ್ನಿನಲ್ಲಿ ಉತ್ತರ ಕೊಡುವೆ. “ಇವತ್ತು ಹವಾಮಾನ ಚೆನ್ನಾಗಿದೆ” ಎಂಬ ಪಾಠದ ವಾಕ್ಯ, ಆದರೆ ಬೈಗುಳದ ಧಾಟಿಯಲ್ಲಿ.

ವಕ್ಕನಾಯ್‌ನಲ್ಲಿ ಫಲಕಗಳು ನಿಜಕ್ಕೂ ಇದ್ದವು. ಬೀದಿಯ ಹೆಸರು, ಅಂಗಡಿಯ ಹೆಸರು, ಬಂದರಿನ ದಾರಿ ಎಲ್ಲ ಆ ಲಿಪಿಯಲ್ಲಿ. ನಾನು ಒಂದೊಂದನ್ನೂ ಗಟ್ಟಿಯಾಗಿ ಓದಿದೆ. ಓದಲು ಬರುತ್ತಿದೆ ಎನ್ನುವ ಖುಷಿಗೆ ಮುಂದಿನದನ್ನು ಇನ್ನೂ ದನಿ ಏರಿಸಿ ಓದಿದೆ. ಆದರೆ ಓದಬೇಕಾದ ಜನವೇ ಇಲ್ಲ. ಬೀದಿ ಉದ್ದಕ್ಕೂ ಗಾಳಿ, ಅರ್ಧ ಇಳಿಸಿದ ಶಟರುಗಳು, ಒಂದು ಜಿಂಕೆ. ವಿಚಾರಣೆಯ ಕೌಂಟರಿನಲ್ಲಿ ಕೇಳಿದರೆ ಅಲ್ಲಿದ್ದ ನಡುವಯಸ್ಸಿನವರು ಆ ದೇಶದ ದೊರೆಯ ತಪ್ಪನ್ನೆಲ್ಲ ತಾವೇ ಹೊತ್ತವರಂತೆ ಬಗ್ಗಿದರು.

“ಸುಮಿಮಾಸೆನ್. ಹಡಗು ನಿಂತುಹೋಗಿದೆ. ಈಗ ಯಾರೂ ಬರುವುದಿಲ್ಲ.”

“ಫಲಕಗಳು?”

“ಫಲಕಗಳು ಇವೆ” ಎಂದು ಇನ್ನೊಮ್ಮೆ ಬಗ್ಗಿದರು.

“ಬೋರ್ಡ್ ಓದೋಕೆ ಇಷ್ಟು ದೂರ ಬಂದ್ವಾ?” ಎಂದರು ಮಂಜುನಾಥ್, ಕಾರಿಗೆ ವಾಪಸು ಬಂದ ಮೇಲೆ. ಮಗಳು ಹಿಂದಿನ ಸೀಟಿನಲ್ಲಿ ನಕ್ಕಳು. ನನಗೆ ಪ್ರಸಾದರ ಬೂಂದಿ ನೆನಪಾಯಿತು.

ಊರಾಚೆ ಊಟಕ್ಕೆ ನಿಂತ ಸಣ್ಣ ಹೋಟೆಲಿನ ಬಾಗಿಲಲ್ಲಿ ಒಂದು ತಿಂಡಿಪಟ್ಟಿ ನೇತುಹಾಕಿದ್ದರು. ಜಪಾನಿ ಅಕ್ಷರದ ಕೆಳಗೆ ಪ್ರತಿ ಸಾಲಿಗೂ ಬಿಳಿ ಟೇಪು ಬಳಿದಂತೆ ಅಂಟಿಸಿತ್ತು. ಒಂದು ಕಡೆ ಟೇಪು ಎದ್ದು ಒಂದು ರಷ್ಯನ್ ಅಕ್ಷರ ಇಣುಕುತ್ತಿತ್ತು. ನಾನೇ ಮೊದಲು ಒಳಗೆ ನುಗ್ಗಿದೆ. ಒಳಗೆ ಬಡಿಸುತ್ತಿದ್ದವರು ತಲೆಗೆ ವಸ್ತ್ರ ಕಟ್ಟಿದ, ತಿಳಿಬಣ್ಣದ ಕಣ್ಣಿನ, ದಪ್ಪ ತೋಳಿನ, ಅರವತ್ತರ ಆಸುಪಾಸಿನ ಹೆಂಗಸು. ಎದೆಯ ಮೇಲಿನ ಬಿಲ್ಲೆಯಲ್ಲಿ ಸಾತೋ ಎಂದಿತ್ತು. ಜಪಾನಿನಲ್ಲಿ ಕಲ್ಲೆಸೆದರೆ ಒಬ್ಬ ಸಾತೋಗೆ ತಾಗುತ್ತದೆ. ಆದರೆ ಇಂಥ ಸಾತೋವನ್ನು ನಾನು ಕಂಡಿರಲಿಲ್ಲ.

“ನಮಸ್ಕಾರ. ನೀವು ರಷ್ಯಾದವರೇ?” ಎಂದು ರಷ್ಯನ್ನಿನಲ್ಲಿ ಕೇಳಿದೆ.

“ಹೊಕ್ಕೈಡೋದವಳು” ಎಂದರು, ಜಪಾನಿಯಲ್ಲಿ.

“ನಾನು ಇಂಡಿಯಾದವಳು, ನಿಮ್ಮ ಭಾಷೆ ಕಲಿತಿದ್ದೇನೆ.” ಮತ್ತೆ ರಷ್ಯನ್.

“ಸೂಪು ಬಿಸಿ ಇದೆ, ಜೋಪಾನ.” ಮತ್ತೆ ಜಪಾನಿ.

ನಾನು ಕನ್ನಡದಲ್ಲಿ ಕೇಳಿದರೆ ನನ್ನ ಮಗಳು ಜಪಾನಿಯಲ್ಲಿ ಉತ್ತರ ಕೊಡುತ್ತಾಳೆ. ಮನೆಯಲ್ಲಿ ದಿನವೂ ಉಣ್ಣುವ ಅವಮಾನವನ್ನು ಇಷ್ಟು ದೂರ ಬಂದು ಉಣ್ಣಬೇಕೇ? ನಾನು ಇನ್ನೂ ಜೋರಾಗಿ ಮಾತಾಡಿದೆ. ಅಕ್ಕಪಕ್ಕದ ಮೇಜಿನವರು ತಲೆ ಎತ್ತಿದರು. ಆಕೆ ತಟ್ಟೆಯನ್ನು ಕುಕ್ಕಿ ಒಳಗೆ ಹೋದರು. “ಬಿಡು ಸುಮಿ, ಪಾಪ” ಎಂದರು ಇವರು. ಪಾಪವಂತೆ. ಊಟ ಮುಗಿದರೂ ನನಗೆ ರುಚಿ ಏನಿತ್ತೆಂದು ತಿಳಿಯಲಿಲ್ಲ.

ಹಣ ಕೊಟ್ಟು ಹೊರಗೆ ಬಂದಾಗ ಆಕೆ ಹಿತ್ತಿಲ ಬಾಗಿಲಿನಿಂದ ಕಸದ ಚೀಲ ಹಿಡಿದು ಬಂದರು. ನನ್ನನ್ನು ಕಂಡು ಚೀಲವನ್ನು ದೊಪ್ಪನೆ ಕೆಳಗಿಟ್ಟರು. ಆಮೇಲೆ ಶುರುವಾಯಿತು ನೋಡಿ, ರಷ್ಯನ್ನಿನಲ್ಲಿ. ನನಗೆ ಅರ್ಧಕ್ಕರ್ಧ ಅರ್ಥವಾಯಿತು, ಉಳಿದದ್ದನ್ನು ಕೈಗಳು ಹೇಳಿದವು.

“ಏನು ಬೇಕು ನಿಮಗೆಲ್ಲ? ಮೊನ್ನೆ ಒಬ್ಬ ಫೋನು ಹಿಡಿದುಕೊಂಡು ಬಂದಿದ್ದ. ರಷ್ಯನ್ನಳಾಗಿ ನಿಮಗೆ ಏನನಿಸುತ್ತದೆ ಎಂದ. ಸೂಪು ಬಿಸಿ ಇದೆ ಎಂದೆ. ಅದನ್ನೂ ಇಂಟರ್ನೆಟ್ಟಿಗೆ ಹಾಕಿದ! ಜನ ನನ್ನನ್ನು ನೋಡಲು ಬಂದರು, ಕರಡಿ ನೋಡುವ ಹಾಗೆ. ನನ್ನ ಕೈಯಾರೆ ಬರೆದ ಅಕ್ಷರದ ಮೇಲೆ ನಾನೇ ಟೇಪು ಹಚ್ಚಿದೆ. ಈ ಅಡುಗೆಮನೆಯಲ್ಲಿ ಆಲೂಗೆಡ್ಡೆ ಸುಲಿಯುತ್ತಾ ನನ್ನ ಕೂದಲು ಬೆಳ್ಳಗಾಯಿತು. ಯಾರ ಮೇಲೂ ಯುದ್ಧಕ್ಕೆ ಹೋಗಲಿಲ್ಲ. ನೀವೂ ಕೇಳಬೇಕಲ್ಲ? ಕೇಳಿ! ಕೇಳಿ ಹೋಗಿ!”

ನನ್ನ ಡಿಪ್ಲೊಮಾ ಅಷ್ಟೂ ಆವಿಯಾಯಿತು. ದಾರಿಯಲ್ಲಿ ಉರುಹೊಡೆದ ಒಂದು ವಾಕ್ಯವೂ ನಾಲಿಗೆಗೆ ಬರಲೊಲ್ಲದು. ಕೊನೆಗೆ ಬಂದದ್ದು ಮೊದಲನೇ ದಿನದ ಪಾಠ. ದೊಡ್ಡವರನ್ನು ಮರ್ಯಾದೆಯಿಂದ ಪರಿಚಯ ಮಾಡಿಕೊಳ್ಳುವ ಪ್ರಶ್ನೆ.

“ತಮ್ಮ ಹೆಸರು ಮತ್ತು ತಮ್ಮ ತಂದೆಯ ಹೆಸರೇನು?”

ಆಕೆ ಎತ್ತಿದ್ದ ಕೈಗಳನ್ನು ಕೆಳಗಿಳಿಸಿದರು. ಇಲ್ಲಿ ನಿಮಗೊಂದು ಮಾತು ಹೇಳಬೇಕು. ರಷ್ಯನ್ನರು ಹಿರಿಯರನ್ನು ಬರೀ ಹೆಸರಿನಿಂದ ಕರೆಯುವುದಿಲ್ಲ. ಹೆಸರಿನ ಹಿಂದೆಯೇ ಅಪ್ಪನ ಹೆಸರಿಗೊಂದು ಬಾಲ ಸೇರಿಸಿ, ಇಂಥವರ ಮಗಳು ಇಂಥವಳೇ ಎಂದು ಕರೆಯುತ್ತಾರೆ. ನಮ್ಮ ನಂಜನಗೂಡಿನ ಮೇಷ್ಟ್ರು ಹಾಜರಿಯನ್ನೂ ಹಾಗೇ ಕೂಗುತ್ತಿದ್ದರು: ರಮೇಶ ಚಿಕ್ಕಣ್ಣೊವಿಚ್, ಸವಿತಾ ನಂಜುಂಡಯ್ಯೊವ್ನಾ. ನಾವು ಬಿದ್ದು ಬಿದ್ದು ನಗುತ್ತಿದ್ದೆವು.

“ಏನು ಕೇಳಿದಿರಿ?” ಆಕೆಯ ದನಿ ಬೇರೆಯಾಗಿತ್ತು.

ನಾನು ಇನ್ನೊಮ್ಮೆ ಕೇಳಿದೆ.

“ಈ ರಾಗದ ರಷ್ಯನ್ ಎಲ್ಲಿಯದು?”

“ನಂಜನಗೂಡಿನದು.”

“ಅದೆಲ್ಲಿ?”

“ಮೈಸೂರಿನ ಹತ್ತಿರ. ಬಾಳೆಹಣ್ಣಿಗೆ ಹೆಸರುವಾಸಿ.”

ಆಕೆ ಏಪ್ರನ್ನಿಗೆ ಕೈ ಒರೆಸಿಕೊಂಡರು. “ಗಲೀನಾ ಪೆತ್ರೋವ್ನಾ” ಎಂದರು. ಇನ್ನೊಂದು ಸಲ ಮೆಲ್ಲಗೆ ಹೇಳಿ ನೋಡಿಕೊಂಡರು. ಆಮೇಲೆ ನನ್ನನ್ನು ಕೇಳಿದರು. ನಾನು ಸುಮಿತ್ರಾ, ಅಪ್ಪ ಪುಟ್ಟಸ್ವಾಮಿ ಎಂದೆ. ಆಕೆ ತುಟಿಯಲ್ಲೇ ಲೆಕ್ಕ ಹಾಕಿ, ಬಾಲ ಜೋಡಿಸಿ, “ಸುಮಿತ್ರಾ ಪುಟ್ಟಸ್ವಾಮಿಯೆವ್ನಾ” ಎಂದು ಕರೆದರು. ಈ ಸಲ ನನಗೆ ನಗು ಬರಲಿಲ್ಲ. ನನ್ನ ಹೆಸರು, ಅಪ್ಪನ ಹೆಸರು, ಒಂದರ ಹಿಂದೆ ಒಂದು, ಯಾರೂ ಯಾರ ಜಾಗವನ್ನೂ ಕಿತ್ತುಕೊಳ್ಳದೆ. ಇಷ್ಟೇ ಅಲ್ಲವೇ ನಾನು ಆ ಕೌಂಟರುಗಳಲ್ಲೆಲ್ಲ ಅರಚಿಕೊಂಡದ್ದು?

ಪಾಸ್‌ಪೋರ್ಟಿನ ಕತೆಯನ್ನು ಒಡಕು ಬಡಕಾಗಿ ಹೇಳಿದೆ. ಗಲೀನಾ ಪೆತ್ರೋವ್ನಾ ಕೇಳುತ್ತಾ ಕೇಳುತ್ತಾ ಮತ್ತೆ ಕೆಂಪಾದರು. ಆದರೆ ಈ ಬಾರಿಯ ಕೋಪ ನನ್ನ ಮೇಲಿನದಲ್ಲ.

“ನನ್ನ ಕಾಗದಗಳಲ್ಲಿ ಸಾತೋ ಗರೀನಾ ಎಂದಿದೆ. ಗಲೀನಾ ಕೂಡ ಅಲ್ಲ, ಗರೀನಾ! ನನ್ನಪ್ಪ ಪ್ಯೋತರ್ ಎಲ್ಲಿ ಎಂದು ಕೇಳಿದೆ. ಅದಕ್ಕೆ ಜಾಗವಿಲ್ಲ ಎಂದರು. ಎಷ್ಟು ವಿನಯದಿಂದ ಎಂದರು ಗೊತ್ತೇ, ಜಗಳವಾಡುವುದಕ್ಕೂ ಆಗಲಿಲ್ಲ.” ಆಕೆ ಕಸದ ಚೀಲವನ್ನು ಕಾಲಿನಿಂದ ಒದ್ದರು. “ನನ್ನಪ್ಪ ಒಳ್ಳೆಯವನೇನಲ್ಲ. ಕುಡುಕ. ಅಮ್ಮನಿಗೆ ಹೊಡೆಯುತ್ತಿದ್ದ. ಅವನನ್ನು ಬಿಡುವುದಿದ್ದರೆ ನಾನು ಬಿಡುತ್ತೇನೆ. ಒಂದು ಕಾಗದದಲ್ಲಿ ಜಾಗ ಸಾಲದು ಅಂತ ಯಾಕೆ ಬಿಡಲಿ?”

ಒಳಗಿನಿಂದ ಯಾರೋ ಗಂಡಸು “ಓಯ್!” ಎಂದು ಕೂಗಿದ. ಗಂಡ ಇರಬೇಕು. “ಅದೂ ನಾನೇ” ಎಂದು ಆಕೆ ಚೀಲ ಎತ್ತಿಕೊಂಡು ಹೋದರು.

ಕಾರು ಹತ್ತಿ ಬಾಗಿಲು ಧಡಾರನೆ ಹಾಕಿಕೊಂಡೆ. ಕಾರು ರಸ್ತೆಗೆ ಇಳಿಯುತ್ತಲೇ ಮಂಜುನಾಥ್ ಕೇಳಿದರು.

“ಅಂತೂ ಸಿಕ್ಕಿದ್ರಲ್ಲ ನಿನ್ನ ರಷ್ಯನ್ನು. ಯುದ್ಧದ ಬಗ್ಗೆ ಏನಂದ್ರು?”

“ಕೇಳ್ಲಿಲ್ಲ.”

“ಅಷ್ಟು ಹೊತ್ತು ಮತ್ತೇನ್ ಕೇಳ್ದೆ?”

“ಅವರಪ್ಪನ ಹೆಸರು.” ಹೇಳಿ, ಅದೇ ಉಸಿರಿನಲ್ಲಿ, “ರೀ, ಪಾಸ್‌ಪೋರ್ಟಲ್ಲಿ ನನ್ನ ಹೆಸರು ಹೆಂಗಿದೆಯೋ ಹಂಗೇ ಇರತ್ತೆ” ಎಂದೆ.

“ಎಮೋಷನಲ್ ಆಗ್ಬೇಡ ಸುಮಿ. ಅದು ಬರೀ ಒಂದು ಸರ್‌ನೇಮು.”

ಹಿಂದಿನ ಸೀಟಿನಲ್ಲಿ ಇಂಪನಾ ಇಯರ್‌ಫೋನ್ ತೆಗೆದಳು. ಬೇಕಾದ ಮಾತು ಅವಳಿಗೆ ಅದರೊಳಗೂ ಕೇಳಿಸುತ್ತದೆ.

“ಹೌದು, ಪುಟ್ಟಸ್ವಾಮಿ ತಾತನ ಸರ್‌ನೇಮ್ ಅಲ್ವಾ? ತಾತನ ಓನ್ ನೇಮ್ ಏನು?”

ಇವಳು ಹುಟ್ಟಿದಾಗಿನಿಂದ ಸಾತೋ, ತನಕಾ ಎಂಬ ಮನೆತನಗಳ ನಡುವೆ ಬೆಳೆದವಳು. ಮೈಸೂರಿನ ಬೀದಿಗಳಲ್ಲಿ ಪುಟ್ಟಸ್ವಾಮಿಗಳ ದೊಡ್ಡ ವಂಶವೇ ಓಡಾಡಿಕೊಂಡಿದೆ ಎಂದು ಇಷ್ಟು ದಿನ ತಿಳಿದಿದ್ದಾಳೆ.

“ಅದೇ ಕಣೇ ತಾತನ ಹೆಸರು. ಪುಟ್ಟಸ್ವಾಮಿ ಅಂದ್ರೆ ತಾತ.”

“ತಾತ ಮಾತ್ರ? ಒಬ್ರೇ?”

“ಒಬ್ರೇ.”

ಅವಳು ನನ್ನ ಸೀಟಿನ ಕಡೆ ಬಗ್ಗಿದಳು. “ಜಾ... ಹಂಗಾದ್ರೆ, ಅಮ್ಮ ಅದನ್ನ ತೆಗೆದ್ರೆ, ಇನ್ನು ತಾತನ್ನ ಯಾರೂ ಕರೆಯಲ್ವಾ?”

“ತೆಗೆಯಲ್ಲ ಅಂದ್ನಲ್ಲ!” ಎಂದು ನಾನು ಕಿರುಚಿದೆ. ಯಾರ ಮೇಲೆ ಕಿರುಚಿದೆನೋ ನನಗೇ ಗೊತ್ತಿಲ್ಲ, ಮಗುವಿನ ಮೇಲಂತೂ ಅಲ್ಲ. ಕಿರುಚಿದ ರಭಸಕ್ಕೆ ಕಣ್ಣಲ್ಲಿ ನೀರು ಬಂದು, ಅದಕ್ಕೂ ಸಿಟ್ಟು ಬಂತು.

ಮಂಜುನಾಥ್ ಕಾರನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದರು. ಸ್ಟೀರಿಂಗ್ ಮೇಲಿನ ಕೈ ತೆಗೆಯಲಿಲ್ಲ, ನನ್ನ ಕಡೆ ನೋಡಲೂ ಇಲ್ಲ.

“ಆಯ್ತು ಬಿಡು ತಾಯಿ” ಎಂದರು. “ಮಾವ ಇರ್ಲಿ.”